ಎಲೆ ಹಳದಿಯಾಗೋ ಮೊದಲೇ

ಪಾಲಕ್ ಸೊಪ್ಪನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಜಜ್ಜಿ, ಸೋಸಿ, ಕತ್ತಲಲ್ಲಿ ಆ ರಸಕ್ಕೆ ಯುವಿ ಟಾರ್ಚ್ ಹಿಡಿದು ನೋಡಿ. ಹಸಿರು ರಸ ಕೆಂಪಗೆ ಹೊಳೆಯುತ್ತೆ! ನಾವು ಹಾಸ್ಟೆಲ್‌ನಲ್ಲಿ ಮಾಡಿದಾಗ ಪಕ್ಕದ ರೂಮಿನವರೂ ಓಡಿ ಬಂದ್ರು. ಈ ಕೆಂಪು ಬೆಳಕೇ ಕ್ಲೋರೋಫಿಲ್ ಫ್ಲೋರೆಸೆನ್ಸ್.

ಗಿಡದಲ್ಲಿರೋ ಎಲೆಯಲ್ಲೂ ಇದು ನಡೀತಾನೇ ಇರುತ್ತೆ. ಕ್ಲೋರೋಫಿಲ್ ಹೀರಿಕೊಂಡ ಬೆಳಕಿಗೆ ಮೂರು ದಾರಿ: ದ್ಯುತಿಸಂಶ್ಲೇಷಣೆಗೆ ಬಳಕೆಯಾಗೋದು, ಶಾಖವಾಗಿ ಹೋಗೋದು, ಇಲ್ಲಾ ಕೆಂಪು ಬೆಳಕಾಗಿ ಹೊರಬರೋದು. ಕೊನೆಯದಕ್ಕೆ ಸಿಗೋದು ಸುಮಾರು ಶೇ. 1-2 ಅಷ್ಟೇ. ಆದರೆ ಮೊದಲ ಎರಡರಲ್ಲಿ ಏರುಪೇರಾದರೆ ಇದೂ ಬದಲಾಗುತ್ತೆ. ಕತ್ತಲಲ್ಲಿಟ್ಟ ಎಲೆಗೆ ಬೆಳಕು ಬಿದ್ದ ಕೂಡಲೇ ಈ ಹೊಳಪು ಏರಿ, ಆಮೇಲೆ ನಿಧಾನಕ್ಕೆ ಇಳಿಯುವುದನ್ನು ಜರ್ಮನಿಯ ಕೌಟ್ಸ್ಕಿ ಮತ್ತು ಹಿರ್ಷ್ 1931ರಲ್ಲೇ ವರದಿ ಮಾಡಿದ್ದರು.

ಅಳೆಯೋದು ಹೀಗೆ. ಎಲೆಯನ್ನು 20-30 ನಿಮಿಷ ಕತ್ತಲಲ್ಲಿಟ್ಟು, ತುಂಬಾ ಮಂದ ಬೆಳಕಲ್ಲಿ ಒಂದು ಫೋಟೋ ತೆಗೀತಾರೆ. ಆಮೇಲೆ ಒಂದು ಸೆಕೆಂಡಿನಷ್ಟು ಹೊತ್ತು ಪ್ರಖರ ಬೆಳಕು ಹಾಯಿಸಿ ಇನ್ನೊಂದು. ಆ ಕ್ಷಣ ದ್ಯುತಿಸಂಶ್ಲೇಷಣೆಯ ದಾರಿ ಸಿಲ್ಕ್ ಬೋರ್ಡ್ ಥರ ಪೂರ್ತಿ ಜಾಮ್. ಹೊಳಪು ಗರಿಷ್ಠ ಮಟ್ಟಕ್ಕೆ ಏರುತ್ತೆ. ಮೊದಲ ಫೋಟೋದಲ್ಲಿ 200, ಎರಡನೆಯದರಲ್ಲಿ 1200 ಬಂತು ಅನ್ನಿ. ವ್ಯತ್ಯಾಸ 1000, ಅದನ್ನು 1200ರಿಂದ ಭಾಗಿಸಿದರೆ 0.83. ಆರೋಗ್ಯವಾಗಿರೋ ಹೆಚ್ಚಿನ ಗಿಡಗಳದ್ದು ಇದರ ಆಸುಪಾಸೇ. ಪೆಟ್ಟು ತಿಂದ ಎಲೆಯಲ್ಲಿ ಇಳಿಯುತ್ತೆ.

ಇದೇ ಲೆಕ್ಕವನ್ನು ಪ್ರತಿ ಪಿಕ್ಸೆಲ್‌ಗೂ ಮಾಡಿದರೆ ಎಲೆಯದೊಂದು ಮ್ಯಾಪ್ ಸಿಗುತ್ತೆ. ರೋಗ ಒಂದು ಮೂಲೆಯಲ್ಲಿ ಶುರುವಾಗಿದ್ದರೆ ಇಡೀ ಎಲೆಯ ಸರಾಸರಿ ನೋಡಿದಾಗ ಏನೂ ಗೊತ್ತಾಗದೇ ಇರಬಹುದು. ಮ್ಯಾಪ್‌ನಲ್ಲಿ ಆ ಮೂಲೆ ಮಾತ್ರ ಬೇರೆ ಬಣ್ಣ. ಎಷ್ಟೋ ಸಲ ಕಣ್ಣಿಗೆ ಕಲೆ ಕಾಣೋ ಮೊದಲೇ!

ಇಷ್ಟು ಓದಿದ್ದೇ ತಡ, ಡ್ರೋನ್‌ಗೆ ಕ್ಯಾಮೆರಾ ಕಟ್ಟಿಬಿಡೋಣ ಅಂತ ನಾವು ಹೊರಟಿದ್ವಿ. ಮಟಮಟ ಮಧ್ಯಾಹ್ನ ಹೊಲಕ್ಕೆ ಅರ್ಧ ಗಂಟೆ ಕತ್ತಲು ಎಲ್ಲಿಂದ ತರೋದು? ಅದಕ್ಕಿಂತ ದೊಡ್ಡ ತಲೆನೋವು ಬರದ್ದು. ನೀರು ಕಡಿಮೆಯಾದಾಗ ಎಲೆ ಮೊದಲು ತನ್ನ ಪತ್ರರಂಧ್ರ ಮುಚ್ಚುತ್ತೆ. ಈ ಸಂಖ್ಯೆ ಮಾತ್ರ ಎಷ್ಟೋ ಹೊತ್ತು 0.8ರ ಹತ್ತಿರಾನೇ ಕೂತಿರುತ್ತೆ. ಅದನ್ನು ಬೇಗ ಹಿಡಿಯೋಕೆ ಥರ್ಮಲ್ ಕ್ಯಾಮೆರಾನೇ ಮೇಲು, ಯಾಕಂದ್ರೆ ರಂಧ್ರ ಮುಚ್ಚಿದ ಎಲೆ ಬಿಸಿಯಾಗುತ್ತೆ.

ಇನ್ನೊಂದು, ಸಂಖ್ಯೆ ಇಳಿದಿದ್ದು ರೋಗಕ್ಕೋ, ಚಳಿಗೋ, ಅತಿ ಬಿಸಿಲಿಗೋ ಅಂತ ಸಂಖ್ಯೆಯೊಂದೇ ಹೇಳಲ್ಲ. ರೈತರಿಗೆ ಬೇಕಿರೋದು ಔಷಧಿ ಹೊಡೀಬೇಕಾ ಬೇಡ್ವಾ ಅನ್ನೋ ಉತ್ತರ. ತಪ್ಪು ಹೇಳಿದರೆ ಔಷಧಿ ದುಡ್ಡೂ ಹೋಯ್ತು, ಬೆಳೆಯೂ ಹೋಯ್ತು.

ಅದಕ್ಕೇ ನಮ್ಮ ಮಿನಿ ಪ್ರಾಜೆಕ್ಟ್ ಡ್ರೋನ್‌ನಿಂದ ನೆಲಕ್ಕಿಳಿದು ನರ್ಸರಿ ಟ್ರೇಗೆ ಬಂದಿದೆ. ಟೊಮ್ಯಾಟೊ ಸಸಿಗಳು, ಒಂದು ರಟ್ಟಿನ ಡಬ್ಬಿ, ನೀಲಿ ಎಲ್‌ಇಡಿ, ಆ ನೀಲಿಯನ್ನು ತಡೆದು ಕೆಂಪನ್ನಷ್ಟೇ ಬಿಡೋ ಫಿಲ್ಟರ್. ಕತ್ತಲಿಗಂತೂ ಕೊರತೆಯಿಲ್ಲ, ನಾವು ಕೆಲಸ ಶುರು ಮಾಡೋದೇ ರಾತ್ರಿ ಊಟ ಆದ್ಮೇಲೆ.