ಕಥೆ ತೋರಿಸುವ ಪುಟ್ಟ ಯಂತ್ರದ ಹಲ್ಲಿನ ಚಕ್ರ

ಮಕ್ಕಳಿಗೆ ಕಥೆ ಹೇಳುವಾಗ ಗೋಡೆಯ ಮೇಲೆ ಚಿತ್ರ ಮೂಡಿಸುವ ಪುಟ್ಟ ಪ್ರೊಜೆಕ್ಟರಿನಲ್ಲಿ ಬೆಳಕು ಕೊಡುವ ದೀಪ, ಚಿತ್ರವನ್ನು ಹಿಗ್ಗಿಸುವ ಮಸೂರ ಮತ್ತು ಇವೆರಡರ ನಡುವೆ ಚಿತ್ರಗಳನ್ನು ಒಂದೊಂದಾಗಿ ತಂದು ನಿಲ್ಲಿಸುವ ದುಂಡನೆಯ ಬಿಲ್ಲೆ ಎಂಬ ಮೂರು ಅಂಗಗಳಿರುತ್ತವೆ. ಮಾರುವವರು ದೀಪವನ್ನೂ ಮಸೂರವನ್ನೂ ಹೊಗಳುವುದುಂಟು. ಆದರೆ ಅಗ್ಗದ ಯಂತ್ರ ಸಾಮಾನ್ಯವಾಗಿ ಸೋಲುವುದು ಬಿಲ್ಲೆಯನ್ನು ತಿರುಗಿಸುವ ಹಲ್ಲಿನ ಚಕ್ರದಲ್ಲಿ, ಅಂದರೆ ಗೇರಿನಲ್ಲಿ.

ಇದಕ್ಕೆ ಕಾರಣ ಸರಳ ಗಣಿತದಲ್ಲಿದೆ. 8 ಮಿಲಿಮೀಟರ್ ಅಗಲದ ಚಿತ್ರವನ್ನು ಗೋಡೆಯ ಮೇಲೆ 80 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿದರೆ ಅದು ನೂರು ಪಟ್ಟು ದೊಡ್ಡದಾಗುತ್ತದೆ, ಅದರೊಂದಿಗೆ ತಪ್ಪೂ ನೂರು ಪಟ್ಟು ದೊಡ್ಡದಾಗುತ್ತದೆ. ಎರಡು ಗೇರುಗಳು ಬಿಗಿದುಕೊಳ್ಳದೆ ತಿರುಗಬೇಕಾದರೆ ಹಲ್ಲುಗಳ ನಡುವೆ ಕೊಂಚ ಸಡಿಲು ಇರಲೇಬೇಕು. ಆ ಸಡಿಲು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಿದ್ದು, ಗೇರಿನ ಹಲ್ಲು ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿಯೂ ಚಿತ್ರ 3 ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ, ಚಿತ್ರದ ಬಳಿ ಅದು ಮೂರು ಪಟ್ಟಾಗಿ, ಗೋಡೆಯ ಮೇಲೆ 3 ಸೆಂಟಿಮೀಟರಿನಷ್ಟು ಜಾರುತ್ತದೆ. ಗೇರನ್ನು ಎಷ್ಟೇ ನಯವಾಗಿ ಕೊರೆದರೂ ಈ ದೋಷ ಪೂರ್ತಿ ಹೋಗುವುದಿಲ್ಲವಾದ್ದರಿಂದ, ಬಿಲ್ಲೆಯನ್ನು ತಿರುಗಿಸುವ ಕೆಲಸವನ್ನೂ ಅದನ್ನು ನಿಲ್ಲಿಸುವ ಕೆಲಸವನ್ನೂ ಬೇರೆ ಬೇರೆ ಅಂಗಗಳಿಗೆ ವಹಿಸುವುದೇ ಸರಿಯಾದ ದಾರಿ.

ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ 1659ರ ಸುಮಾರಿಗೆ ರೂಪಿಸಿದ, ಇಂಥ ಪ್ರೊಜೆಕ್ಟರುಗಳ ಪೂರ್ವಜವಾದ ಮಾಯಾದೀಪದಲ್ಲಿ ಗಾಜಿನ ಚಿತ್ರಗಳನ್ನು ಕೈಯಿಂದಲೇ ಸರಿಸಲಾಗುತ್ತಿತ್ತು. ಅದಕ್ಕೆ ಹಲ್ಲಿನ ಚಕ್ರ ಸೇರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ; ಹಿಡಿಕೆ ತಿರುವಿದರೆ ಬಣ್ಣದ ಎರಡು ಗಾಜಿನ ಬಿಲ್ಲೆಗಳು ಒಂದಕ್ಕೊಂದು ವಿರುದ್ಧವಾಗಿ ಸುತ್ತಿ, ಗೋಡೆಯ ಮೇಲೆ ಹೂವಿನಾಕೃತಿಗಳು ಅರಳಿ ಮುದುಡುತ್ತಿದ್ದವು. ಮುಂಬಯಿ ಬಳಿಯ ಕಲ್ಯಾಣದ ಪಟವರ್ಧನ್ ಕುಟುಂಬ 1890ರ ದಶಕದಲ್ಲಿ ಶಾಂಭರಿಕ ಖರೋಲಿಕಾ ಎಂಬ ಹೆಸರಿನಲ್ಲಿ ಇಂಥ ದೀಪದ ಮೂಲಕ ಪುರಾಣ ಕಥೆಗಳನ್ನು ಪ್ರದರ್ಶಿಸಿತು. ಗದಗ ಜಿಲ್ಲೆಯ ಮುಂಡರಗಿಗೆ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದಲ್ಲಂತೂ, ಯಾವ ಗೇರಿನ ಹಂಗೂ ಇಲ್ಲದೆ, ದೀಪ ಮತ್ತು ಪರದೆಗಳ ನಡುವೆ ತೊಗಲುಗೊಂಬೆಗಳನ್ನು ಆಡಿಸಿ ಕಥೆ ಹೇಳುವ ಕಲೆ ಉಳಿದುಬಂದಿದ್ದು, ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ಅಲ್ಲಿ ಗೊಂಬೆಯನ್ನು ಯಾವಾಗ ಆಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕಲಾವಿದರ ಕೈಯೇ ನಿರ್ಧರಿಸುತ್ತದೆ. ಯಂತ್ರದಲ್ಲಿ ಆ ವಿವೇಕವನ್ನು ಚಕ್ರದ ಆಕಾರದಲ್ಲಿಯೇ ಅಡಗಿಸಬೇಕಾಗುತ್ತದೆ.

ಹಾಗೆ ಅಡಗಿಸುವ ಅತ್ಯುತ್ತಮ ಉಪಾಯವೆಂದರೆ ಜಿನೀವಾ ಚಕ್ರ. ಇದರಲ್ಲಿ ಚಾಲಕ ಚಕ್ರದ ಅಂಚಿಗೆ ಒಂದು ಸಣ್ಣ ಗೂಟವಿದ್ದು, ಎದುರಿನ ಚಕ್ರದಲ್ಲಿ ನಡುವಿನತ್ತ ಸಾಗುವ ಸೀಳುಗಳಿರುತ್ತವೆ. ಗೂಟ ಒಂದು ಸೀಳಿನೊಳಗೆ ಹೊಕ್ಕು ಆ ಚಕ್ರವನ್ನು ಒಂದು ಮನೆಯಷ್ಟು ತಿರುಗಿಸಿ ಹೊರಬಂದ ಮೇಲೆ, ಚಾಲಕದ ದುಂಡು ಭಾಗವು ಎದುರಿನ ಚಕ್ರದ ತಗ್ಗಿನಲ್ಲಿ ಕೂತು ಅದನ್ನು ಅಲುಗಾಡದಂತೆ ಹಿಡಿಯುತ್ತದೆ. ಗೂಟವು ಸೀಳಿನ ದಿಕ್ಕಿನಲ್ಲಿಯೇ ಒಳಹೊಗುವುದರಿಂದ ಚಲನೆ ಸೊನ್ನೆಯಿಂದ ಮೆಲ್ಲಗೆ ಆರಂಭವಾಗುತ್ತದೆ, ಹೊಡೆತ ಬೀಳುವುದಿಲ್ಲ. 1896ರಲ್ಲಿ ಲಂಡನ್ನಿನ ರಾಬರ್ಟ್ ಪಾಲ್ ಮತ್ತು ಬರ್ಲಿನ್ನಿನ ಆಸ್ಕರ್ ಮೆಸ್ಟರ್ ಈ ಬಗೆಯ ಚಕ್ರಗಳನ್ನು ಸಿನಿಮಾ ಯಂತ್ರಕ್ಕೆ ಅಳವಡಿಸಿದರು. ಮುಂದೆ ಚಿತ್ರಮಂದಿರಗಳಲ್ಲಿ ನಾಲ್ಕು ಸೀಳಿನ ಚಕ್ರವು ಸೆಕೆಂಡಿಗೆ 24 ಬಾರಿ ಚಿತ್ರವನ್ನು ಎಳೆದು ನಿಲ್ಲಿಸುವ ಕೆಲಸವನ್ನು ದಶಕಗಳ ಕಾಲ ಮಾಡಿತು. ಎಂಟು ಚಿತ್ರಗಳ ಕಥೆಯ ಬಿಲ್ಲೆಗೆ ಎಂಟು ಸೀಳಿನ ಚಕ್ರ ನೇರವಾಗಿ ಒಪ್ಪುತ್ತದೆ: ಹಿಡಿಕೆಯ ಒಂದು ಸುತ್ತಿಗೆ ಬಿಲ್ಲೆ 45 ಡಿಗ್ರಿ ತಿರುಗುತ್ತದೆ, ಆ ಸುತ್ತಿನ ಎಂಟರಲ್ಲಿ ಮೂರು ಪಾಲು ಚಲನೆಗೂ ಐದು ಪಾಲು ನಿಲುಗಡೆಗೂ ಸಲ್ಲುತ್ತದೆ.

ಸೀಳುಗಳ ಅಂತರ ಸಮವಿಲ್ಲದಿದ್ದರೆ ಮಾತ್ರ ಈ ಉಪಾಯ ಕೆಡುತ್ತದೆ. ವೃತ್ತವನ್ನು ಸಮನಾಗಿ ಭಾಗಿಸುವ ವಿದ್ಯೆ ಗದಗ ಸೀಮೆಗೆ ಹೊಸದಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯದ ತಳವಿನ್ಯಾಸವು 24 ಮೂಲೆಗಳ ನಕ್ಷತ್ರವಾಗಿದ್ದು, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಅದನ್ನು ಕಲ್ಲಿನಲ್ಲಿಯೇ ಸಾಧಿಸಿದ್ದಾರೆ.

ಜಿನೀವಾ ಚಕ್ರ ದುಬಾರಿಯೆನಿಸಿದರೆ, ಬಿಲ್ಲೆಯ ಅಂಚಿನಲ್ಲಿ ಎಂಟು ಗುಳಿಗಳನ್ನು ಮಾಡಿ, ಸ್ಪ್ರಿಂಗಿನಿಂದ ಒತ್ತಿದ ಸಣ್ಣ ಗುಂಡೊಂದು ಅವುಗಳಲ್ಲಿ ಕೂರುವಂತೆ ಮಾಡಬಹುದು. ತಡೆ ಅಂಚಿನಲ್ಲಿಯೇ ಬೀಳುವುದರಿಂದ ಒಳಗಿನ ಗೇರಿನ ಸಡಿಲು ಚಿತ್ರವನ್ನು ತಟ್ಟುವುದಿಲ್ಲ. ಗದಗ-ಬೆಟಗೇರಿಯ ನೇಕಾರರಿಗೆ ಇದರ ತತ್ವವನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತಿಕೊಳ್ಳುವ ಉರುಳೆ ಹಿಂದಕ್ಕೆ ಜಾರದಂತೆ ಹಿಡಿಯುವುದೂ ಒಂದು ಹಲ್ಲಿನ ಚಕ್ರ ಮತ್ತು ಅದಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ.

ಮೋಟಾರು ಅಳವಡಿಸಿದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆಟಿಕೆಯ ಮೋಟಾರಿನ ವೇಗವನ್ನು ಇಳಿಸಲು 8 ಹಲ್ಲಿನ ಪುಟ್ಟ ಗೇರುಗಳನ್ನು 40 ಹಲ್ಲಿನ ದೊಡ್ಡ ಗೇರುಗಳಿಗೆ ಜೋಡಿಸಿ, ಪ್ರತಿ ಹಂತದಲ್ಲಿ ವೇಗವನ್ನು ಐದನೆಯ ಒಂದಕ್ಕೆ ತಗ್ಗಿಸುತ್ತಾರೆ. ಸಾಮಾನ್ಯ ಆಕಾರದ ಗೇರಿನಲ್ಲಿ 17ಕ್ಕಿಂತ ಕಡಿಮೆ ಹಲ್ಲುಗಳಿದ್ದರೆ ಅವುಗಳ ಬುಡ ತೆಳ್ಳಗಾಗಿ ಬೇಗ ಮುರಿಯುತ್ತದೆಯಾದ್ದರಿಂದ, ಹಲ್ಲಿನ ಆಕಾರವನ್ನು ತುಸು ಹೊರಕ್ಕೆ ಸರಿಸಿ ಬುಡವನ್ನು ದಪ್ಪಗೊಳಿಸಬೇಕು. 8ರ ಬದಲು 9 ಹಲ್ಲು ಇಟ್ಟರೆ ಅವೇ ಹಲ್ಲುಗಳು ಮತ್ತೆ ಮತ್ತೆ ಎದುರಾಗದೆ ಸವೆತ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ. ಆದರೂ ಕಥೆಗೆ ಮೋಟಾರಿಗಿಂತ ಹಿಡಿಕೆಯೇ ಮೇಲು: ಮಗು ಪ್ರಶ್ನೆ ಕೇಳಿದಾಗ ಅಜ್ಜಿಯ ಕೈ ಕಾಯುತ್ತದೆ, ಮೋಟಾರು ಕಾಯುವುದಿಲ್ಲ.

ಗೇರಿನ ಪ್ಲಾಸ್ಟಿಕ್ಕನ್ನು ಆರಿಸುವಾಗಲೂ ಎಚ್ಚರ ಬೇಕು. ನೈಲಾನ್ ತೇವ ಹೀರಿ ಊದಿಕೊಳ್ಳುವುದರಿಂದ ಅಳತೆ ಕೆಡುತ್ತದೆ. ಅಸಿಟಾಲ್ ಎಂಬ ಬಗೆ ತೇವವನ್ನು ಅಷ್ಟಾಗಿ ಹೀರದೆ, ಎಣ್ಣೆಯಿಲ್ಲದೆಯೂ ನುಣುಪಾಗಿ ಜಾರುತ್ತದೆ. ಕಪ್ಪತಗುಡ್ಡದ ಆಸುಪಾಸಿನ ಬೇಸಿಗೆಯ ದೂಳು ಎಣ್ಣೆಗೆ ಅಂಟಿ ಹಲ್ಲುಗಳನ್ನು ಸವೆಸುವುದರಿಂದ ಈ ಕೊನೆಯ ಗುಣಕ್ಕೆ ಇಲ್ಲಿ ಹೆಚ್ಚು ಬೆಲೆಯಿದೆ.

ಮುದ್ರಣ ಕಾಶಿಯೆಂದು ಹೆಸರಾದ ಗದುಗಿನ ಮುದ್ರಕರು ಕನ್ನಡ ಕಥೆಗಳ ಬಿಲ್ಲೆಗಳನ್ನು ಮುದ್ರಿಸಲು ಮುಂದಾಗಬೇಕು, ಮುಂದಾದರೆ ಚಿತ್ರಗಳ ಅಂತರವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಯಂತ್ರ ಕೊಳ್ಳುವ ಪಾಲಕರಾದರೋ, ಗೋಡೆಯ ಮೇಲೆ ಮೂಡಿದ ಮೊದಲ ಚಿತ್ರದ ಮೂಲೆಗೆ ಪೆನ್ಸಿಲಿನಿಂದ ಗುರುತು ಹಾಕಿ, ಯಂತ್ರವನ್ನು ಅಲುಗಿಸದೆ ಬಿಲ್ಲೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಬೇಕು. ಚಿತ್ರದ ಮೂಲೆ ಆ ಗುರುತಿಗೇ ಮರಳದಿದ್ದರೆ ಆ ಯಂತ್ರವನ್ನು ಕೊಳ್ಳದಿರುವುದೇ ಲೇಸು.