ಅಂಗಳದ ಬೀಸುಕಲ್ಲಿಗೆ ಎಳೆ ಬಿಸಿಲು



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳೆಯ ಮನೆಗಳ ಅಂಗಳದ ಮೂಲೆಯಲ್ಲಿ ಬೀಸುಕಲ್ಲು ಇನ್ನೂ ಕಾಣಸಿಗುತ್ತದೆ. ಅಜ್ಜಿಗೆ ಅದು ಬೀಸುಕಲ್ಲು. ಮರಾಠಿ ಶಾಲೆಗೆ ಹೋಗುವ ಮೊಮ್ಮಗನಿಗೆ ಜಾತಂ. ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ವಸ್ತು ಮನೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾಯಿತು. ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ಕಲ್ಲು-ಮಣ್ಣಿನ ಗೋಡೆಗಳು ಕುಸಿದು, ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಅಂಥ ದುಃಖದಲ್ಲಿ ಪಾತ್ರೆ-ಪರಡಿಗಳ ಲೆಕ್ಕ ಯಾರು ಇಟ್ಟಾರು? ಆದರೆ ಹೊಸ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಹಳೆಯ ಮನೆ ಹೀಗಿತ್ತು ಎಂದು ತೋರಿಸಲು ಒಂದು ಫೋಟೋ ಬೇಕೆನಿಸುತ್ತದೆ. ಆದ್ದರಿಂದ ಇರುವಾಗಲೇ ತೆಗೆದಿಡೋಣ. ದೊಡ್ಡ ಕ್ಯಾಮೆರಾ ಬೇಕೆಂದಿಲ್ಲ, ಕೈಯಲ್ಲಿರುವ ಮೊಬೈಲು ಸಾಕು.

ಮೊದಲು ಬೆಳಕಿನ ಮಾತು. ನಮ್ಮ ಸೀಮೆ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆರಳು ಕಾಲಡಿಯಲ್ಲಿ ಅಡಗುತ್ತದೆ. ಆ ಹೊತ್ತಿನಲ್ಲಿ ತೆಗೆದರೆ ಕಲ್ಲಿನ ಮೇಲಿನ ಉಳಿಯ ಪೆಟ್ಟುಗಳು ಕಾಣವು. ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು ಒಳ್ಳೆಯದು. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬೇಡ, ಪಕ್ಕದಿಂದ ಬೀಳಲಿ. ಆಗ ಒಂದೊಂದು ಪೆಟ್ಟಿಗೂ ಒಂದೊಂದು ನೆರಳು ಮೂಡುತ್ತದೆ. ನೆರಳಿನ ಬದಿ ತೀರ ಕಪ್ಪಾದರೆ, ಆ ಕಡೆಯಿಂದ ಒಬ್ಬರು ಬಿಳಿ ಧೋತರ ಹಿಡಿದು ನಿಲ್ಲಲಿ. ಅದರಿಂದ ಮರಳಿದ ಬೆಳಕೇ ಸಾಕು.

ಇನ್ನು ಜೋಡಣೆ. ಮನೆಯ ಸಾಮಾನನ್ನೆಲ್ಲ ತಂದು ಸುರಿಯಬೇಡಿ. ಬೀಸುಕಲ್ಲು, ಒಂದು ಮೊರ ಜೋಳ, ಒಂದು ತಾಮ್ರದ ತಂಬಿಗೆ, ಇಷ್ಟು ಸಾಕು. ಇವುಗಳಲ್ಲಿ ಬೀಸುಕಲ್ಲೇ ಯಜಮಾನ. ಅದನ್ನು ಚಿತ್ರದ ನಟ್ಟನಡುವೆ ಇಡದೆ, ಅಡ್ಡಗಲವನ್ನು ಮೂರು ಪಾಲು ಮಾಡಿ, ಒಂದು ಗೆರೆಯ ಹತ್ತಿರ ಕೂಡಿಸಿ. ನೆರಳು ಬೀಳುವ ಕಡೆ ಜಾಗ ಬಿಡಿ. ನಿಂತು ತೆಗೆಯಬೇಡಿ, ಬೀಸಲು ಕೂತಂತೆ ನೆಲಕ್ಕೆ ಕೂತು ನೋಡಿ. ಹಿಂದೆ ಪ್ಲಾಸ್ಟಿಕ್ ಕೊಡ, ಸೈಕಲ್ ಚಕ್ರ ಇಣುಕುತ್ತಿದ್ದರೆ ಸರಿಸಿರಿ. ತಂಬಿಗೆಯ ಹೊಟ್ಟೆಯಲ್ಲಿ ನಿಮ್ಮದೇ ಬಿಂಬ ಕಂಡರೆ ಅದನ್ನು ತುಸು ತಿರುಗಿಸಿರಿ.

ಹೆಚ್ಚು ಜನ ಎಡವುವುದು ಎಕ್ಸ್‌ಪೋಜರ್‌ನಲ್ಲಿ. ಕ್ಯಾಮೆರಾದ ಮೀಟರು ತಾನು ಕಂಡದ್ದೆಲ್ಲ ನಡುಬೂದು ಬಣ್ಣದ್ದೆಂದು ತಿಳಿಯುತ್ತದೆ. ಚೌಕಟ್ಟಿನ ತುಂಬ ಬಿಳಿಜೋಳವಿದ್ದರೆ ಅದನ್ನು ಮಬ್ಬು ಮಾಡುತ್ತದೆ. ಆಗ ಒಂದು ಸ್ಟಾಪ್ ಹೆಚ್ಚಿಸಿ. ತುಂಬ ಕರಿಕಲ್ಲೇ ಇದ್ದರೆ ಅದನ್ನು ಬೂದು ಮಾಡುತ್ತದೆ. ಆಗ ಒಂದು ಸ್ಟಾಪ್ ಇಳಿಸಿ. ಎರಡೂ ಕೂಡಿದ್ದರೆ? ಮೊಬೈಲಿನಲ್ಲಾದರೆ ಜೋಳದ ಮೇಲೆ ಬೆರಳಿಟ್ಟು, ಕಾಳು ಕಾಳು ಬೇರೆಯಾಗಿ ಕಾಣುವವರೆಗೆ ಬೆಳಕು ತಗ್ಗಿಸಿ. ಡಿಜಿಟಲ್ ಚಿತ್ರದಲ್ಲಿ ಸುಟ್ಟುಹೋದ ಬಿಳಿ ಮರಳಿ ಬಾರದು. ಕಪ್ಪನ್ನು ಆಮೇಲೆ ಸ್ವಲ್ಪ ಎತ್ತಬಹುದು. ನೆಗೆಟಿವ್ ರೀಲಿನ ಕ್ಯಾಮೆರಾ ಇದ್ದವರು ಇದಕ್ಕೆ ವಿರುದ್ಧವಾಗಿ ನೆರಳಿನ ಕಡೆಯನ್ನೇ ನೋಡಿಕೊಳ್ಳಬೇಕು.

ಮೀಟರು ಕೆಟ್ಟ ಹಳೆಯ ಕ್ಯಾಮೆರಾಕ್ಕೂ ಒಂದು ಲೆಕ್ಕವಿದೆ. 100 ಐಎಸ್‌ಒ ರೀಲು, ನಿಚ್ಚಳ ಬಿಸಿಲು ಇದ್ದರೆ ಅಪರ್ಚರ್ 16, ಷಟರ್ 1/125 ಸೆಕೆಂಡ್. ಮೋಡ ಕವಿದರೆ ಅಪರ್ಚರ್ 8. ಎಳೆ ಬಿಸಿಲಿಗೆ 11 ಮತ್ತು 8, ಎರಡರಲ್ಲೂ ಒಂದೊಂದು ತೆಗೆಯಿರಿ.

ಕೊನೆಯದಾಗಿ, ಫೋಟೋದ ಹಿಂದೆ ಬರೆದಿಡಿ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಮನೆಯೊಳಗಿನ ಮಾತು ಮಾತ್ರ ಉಳಿದುಕೊಂಡು ಬಂತು. ಬೀಸುಕಲ್ಲು, ಜಾತಂ, ಒನಕೆ, ಮುಸಳ, ಮೊರ, ಸೂಪ ಎಂದು ಎರಡೂ ಹೆಸರು ಬರೆಯಿರಿ. ಯಾರು ಬೀಸುತ್ತಿದ್ದರು, ಯಾವ ಊರು, ಯಾವ ವರ್ಷ ಎಂಬುದನ್ನೂ ಸೇರಿಸಿರಿ. ಕೇಳಿ ಬರೆದುಕೊಳ್ಳಲು ಅಜ್ಜಿ ಇರುವಾಗಲೇ ಕೂಡಿರಿ.

ನಾಳೆ ಮುಂಜಾನೆ ಬಿಸಿಲು ಅಂಗಳಕ್ಕೆ ಯಾವ ಕಡೆಯಿಂದ ಬರುತ್ತದೆ, ನೋಡಿಟ್ಟುಕೊಳ್ಳಿ.