ತಗಡಿನ ಮೇಲೆ ಬೊಟ್ಟು, ಒಳಗಿದೆ ಗುಟ್ಟು

ಮದುವೆ ಕಾಲ ಬಂತೆಂದರೆ ಕೊಳ್ಳೇಗಾಲದ ಕಡೆಯಿಂದ ಗೂಡ್ಸ್ ಆಟೊ ಏರಿ ಮಾಂಬಳ್ಳಿಗೂ ಬೀರು ಬರುತ್ತದೆ. ಮನೆ ಮುಂದೆ ಇಳಿಸಿದ್ದೇ ತಡ, ಹಿರಿಯರೊಬ್ಬರು ಬಾಗಿಲು ತೆಗೆದು, ತಗಡಿನ ಅಂಚಿನಲ್ಲಿ ಸಾಲುಗಟ್ಟಿದ ದುಂಡು ಗುರುತುಗಳ ಮೇಲೆ ಬೆರಳಾಡಿಸುತ್ತಾರೆ: ‘ಬರೀ ಚುಕ್ಕಿ ಕಣಪ್ಪ, ಎಷ್ಟು ದಿನ ಬಂದಾತು?’ ಬೊಟ್ಟಿನಗಲದ ಆ ಗುರುತೇ ಸ್ಪಾಟ್ ವೆಲ್ಡಿಂಗ್. ಅದರ ಬಗ್ಗೆ ಇರುವ ಅನುಮಾನಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ವೆಲ್ಡಿಂಗ್ ಎಂದ ಮೇಲೆ ರಾಡ್ ಕರಗಿಸಿ ಅಂಟಿಸಿರುತ್ತಾರೆ.
ಸತ್ಯ: ಇಲ್ಲಿ ರಾಡೂ ಇಲ್ಲ, ಗ್ಯಾಸೂ ಇಲ್ಲ. ಒಂದರ ಮೇಲೊಂದಿಟ್ಟ ತಗಡುಗಳನ್ನು ಮೇಲೊಂದು, ಕೆಳಗೊಂದು ತಾಮ್ರದ ಟಿಪ್ ಅದುಮಿ ಹಿಡಿಯುತ್ತದೆ. ಕರೆಂಟ್ ಹರಿದಾಗ ತಗಡಿನದೇ ಲೋಹ ಕರಗಿ, ಅದುಮಿದ ಹಾಗೆಯೇ ಆರಿ ಒಂದಾಗುತ್ತದೆ. ಈ ಬಗೆಯ ವಿದ್ಯುತ್ ಬೆಸುಗೆಗೆ ಅಮೆರಿಕದ ಎಲಿಹು ಥಾಮ್ಸನ್ ಪೇಟೆಂಟ್ ಪಡೆದದ್ದು 1886ರಲ್ಲಿ.

ತಪ್ಪು ಕಲ್ಪನೆ: ಕಾದ ಟಿಪ್ ಇಸ್ತ್ರಿಪೆಟ್ಟಿಗೆಯಂತೆ ತಗಡನ್ನು ಸುಡುತ್ತದೆ.
ಸತ್ಯ: ತಾಮ್ರ ಕರೆಂಟನ್ನು ಸಲೀಸಾಗಿ ದಾಟಿಸುತ್ತದೆ, ಸಾಲದ್ದಕ್ಕೆ ಟಿಪ್ಪಿನೊಳಗೆ ನೀರು ಹರಿಸಿ ತಂಪಾಗಿಡುತ್ತಾರೆ. ಕರೆಂಟಿಗೆ ಅಡ್ಡಿ ಹೆಚ್ಚಿರುವುದು ತಗಡಿಗೆ ತಗಡು ತಾಗುವ ಕಡೆ. ಕಾವು ಜೋರಾಗುವುದೂ ಅಲ್ಲೇ. 1 ಮಿ.ಮೀ. ದಪ್ಪದ ಉಕ್ಕಿನ ತಗಡಿಗೆ ಸುಮಾರು 8,000ದಿಂದ 10,000 ಆಂಪಿಯರ್ ಕರೆಂಟ್ ಬೇಕು. ಸಮಯ ಮಾತ್ರ ಸೆಕೆಂಡಿನ ಐದನೇ ಒಂದು ಭಾಗದಷ್ಟು.

ತಪ್ಪು ಕಲ್ಪನೆ: ಅಷ್ಟು ಆಂಪಿಯರ್ ಇರುವ ಟಿಪ್ ಮುಟ್ಟಿದರೆ ಜೀವ ಹೋಗುತ್ತದೆ.
ಸತ್ಯ: ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಕೆಲವೇ ವೋಲ್ಟ್‌ಗೆ ಇಳಿಸಿ ಕರೆಂಟನ್ನು ಏರಿಸುತ್ತದೆ. ಹಾಗಾಗಿ ಟಿಪ್ಪಿನಲ್ಲಿ ಶಾಕ್ ಭಯ ಕಡಿಮೆ. ಯಂತ್ರಕ್ಕೆ ಬರುವ ಲೈನ್ ಮಾತ್ರ ಅಪಾಯದ್ದೇ. ಕೆಲಸಗಾರರು ಹೆಚ್ಚು ಅಂಜಬೇಕಾದದ್ದು ಟಿಪ್‌ಗಳ ನಡುವೆ ಬೆರಳು ಸಿಕ್ಕುವುದಕ್ಕೆ, ಕಣ್ಣಿಗೆ ಕಿಡಿ ಸಿಡಿಯುವುದಕ್ಕೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಯಂತ್ರದ ಹತ್ತಿರ ಸುಳಿಯಬಾರದು.

ತಪ್ಪು ಕಲ್ಪನೆ: ಕಿಡಿ ಹಾರಿದಷ್ಟೂ, ಅದುಮಿದಷ್ಟೂ, ಚುಕ್ಕಿ ಒತ್ತಾದಷ್ಟೂ ಗಟ್ಟಿ.
ಸತ್ಯ: ಕಿಡಿಯಾಗಿ ಹಾರಿದ್ದು ಬೆಸುಗೆಯಲ್ಲಿ ಉಳಿಯಬೇಕಿದ್ದ ಲೋಹ. ಅತಿಯಾಗಿ ಅದುಮಿದರೆ ತಗಡುಗಳ ನಡುವಿನ ಅಡ್ಡಿ ತಗ್ಗಿ ಕಾವು ಸಾಲದು. ಚುಕ್ಕಿಗಳು ತೀರಾ ಹತ್ತಿರವಾದರೆ ಕರೆಂಟ್ ಪಕ್ಕದ ಹಳೆಯ ಬೆಸುಗೆಯಲ್ಲಿ ಒಳದಾರಿ ಹಿಡಿಯುತ್ತದೆ. ಹೊಸ ಚುಕ್ಕಿ ಅರೆಬೆಂದ ಮುದ್ದೆಯಂತೆ ಹಸಿಯಾಗಿ ಉಳಿಯುತ್ತದೆ.

ತಪ್ಪು ಕಲ್ಪನೆ: ಇದು ಅಗ್ಗದ ಸಾಮಾನಿನ ಬೆಸುಗೆ.
ಸತ್ಯ: 1999ರ ಕೊನೆಯಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಕೆಲಸ ಆರಂಭಿಸಿತಲ್ಲ, ಅಂಥ ಕಾರು ಕಾರ್ಖಾನೆಗಳಲ್ಲಿ ತಗಡಿನ ಒಡಲನ್ನು ಮುಖ್ಯವಾಗಿ ಜೋಡಿಸುವುದೇ ಹೀಗೆ. ಸಾಮಾನ್ಯವಾಗಿ ಒಂದು ಕಾರಿನಲ್ಲಿ ಕೆಲವು ಸಾವಿರ ಚುಕ್ಕಿಗಳಿರುತ್ತವೆ.

ತಪ್ಪು ಕಲ್ಪನೆ: ಹೊರಗಿನ ಗುರುತು ದುಂಡಗಿದ್ದರೆ ಬೆಸುಗೆಯೂ ಸರಿ.
ಸತ್ಯ: ಹೊರಗೆ ಕಾಣುವುದು ಟಿಪ್ ಒತ್ತಿದ ಗುರುತು, ಬೆಸುಗೆ ಇರುವುದು ಕಣ್ಣಿಗೆ ಬೀಳದ ನಡುವಿನಲ್ಲಿ. ಅದಕ್ಕೇ ಬಲ್ಲವರು ಅದೇ ತಗಡಿನ ಚೂರುಗಳನ್ನು ಬೆಸೆದು, ಉಳಿ ಹಾಕಿ ಸೀಳಿ ನೋಡುತ್ತಾರೆ. ಒಳ್ಳೆಯ ಬೆಸುಗೆ ಬಿಟ್ಟುಕೊಡುವುದಿಲ್ಲ: ಒಂದು ತಗಡು ತೂತಾಗಿ, ಆ ತುಂಡು ಇನ್ನೊಂದಕ್ಕೆ ಗುಂಡಿಯಂತೆ ಕಚ್ಚಿಕೊಂಡು ಬರುತ್ತದೆ. 1 ಮಿ.ಮೀ. ತಗಡಿನಲ್ಲಿ ಆ ಗುಂಡಿ ಸುಮಾರು 5 ಮಿ.ಮೀ. ಅಗಲ ಇರಬೇಕು.

ಬೀರು ಮಾಡಿಸುವಾಗ ಬಣ್ಣ, ಕನ್ನಡಿ ನೋಡುವ ಮೊದಲು ಇದೊಂದನ್ನು ಕೇಳಿ: ಎರಡು ಚೂರು ಬೆಸೆದು, ಸೀಳಿ ತೋರಿಸಿ. ಚುಕ್ಕಿ ಬಿಟ್ಟರೆ ಬೇಡ ಎನ್ನಿ. ತಗಡು ಹರಿದರೆ ನಿಶ್ಚಿಂತೆಯಿಂದ ಮನೆಗೆ ತನ್ನಿ.